ಬರ್ತೀವಿ ಅಂದವರ ಊರು

ಪಕ್ಕದ ಮನೆಯ ಪೋರ್ಚನ್ನು ಭಾನುವಾರ ಭಾನುವಾರ ಗುಡಿಸುತ್ತಿದ್ದವಳು ನಾನು. ಆ ಮನೆ ನನ್ನದಲ್ಲ. ಅಲ್ಲಿ ಯಾರೂ ವಾಸವಿರಲಿಲ್ಲ. ಗುಡಿಸು ಎಂದು ಯಾರೂ ನನಗೆ ಹೇಳಿರಲೂ ಇಲ್ಲ. ನಿಲಾಯ್ ಪಟ್ಟಣದ ಅಂಚಿನಲ್ಲಿರುವ ಆ ಸಾಲುಮನೆಗಳ ಬೀದಿಗೆ ಪಾಮ್ ತೋಟದ ಕಡೆಯಿಂದ ಬೀಸುವ ಗಾಳಿ ದಿನವೂ ಬುಟ್ಟಿಗಟ್ಟಲೆ ಕಸ ತಂದು ಸುರಿಯುತ್ತದೆ. ನನ್ನ ಗೆಳತಿ ಸಾಮಾನು ಸಮೇತ ಬಂದಿಳಿದಾಗ ಅವಳ ಮನೆ ಪಾಳುಬಿದ್ದಂತೆ ಕಾಣಬಾರದು ಎಂದು ನಾನು ಬೆವರು ಸುರಿಸಿಕೊಂಡು ಗುಡಿಸುತ್ತಿದ್ದೆ, ಗೇಟಿನ ಸಂದಿಯಲ್ಲಿ ಎದ್ದ ಹುಲ್ಲು ಕೀಳುತ್ತಿದ್ದೆ. ಖುಷಿಯಾಗಿಯೂ ಇದ್ದೆ. ಆ ಖುಷಿಯನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಇದಕ್ಕೆಲ್ಲ ಮೂಲ ನನ್ನ ಸಹೋದ್ಯೋಗಿಯೊಬ್ಬರು ಕಾಫಿ ಬೇಡ ಎಂದದ್ದು. ನಾನು ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳಿಕೊಡುತ್ತೇನೆ. ಆಗ ನಮ್ಮ ಮನೆ ಕೌಲಾಲಂಪುರದಲ್ಲಿತ್ತು. ಬೆಳಗ್ಗೆ ರೈಲು ಹಿಡಿದು ಬಂದು ಸಂಜೆ ವಾಪಸಾಗುತ್ತಿದ್ದೆ. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರು ಅಮೆರಿಕದ ಒಬ್ಬ ಹಿರಿಯ ಹೆಂಗಸು. ನಿವೃತ್ತಿಯಾದ ಮೇಲೂ ಪಾಠ ಬಿಡಲಾಗದೆ ಇಷ್ಟು ದೂರ ಬಂದು ಇಂಗ್ಲಿಷ್ ಕಲಿಸುತ್ತಿದ್ದರು. ಒಮ್ಮೆ ಅವರನ್ನು ಊಟಕ್ಕೆ ಕರೆದೆ. ಊಟ ಚೆನ್ನಾಗಿ ಮಾಡಿದರು, ಸಾರನ್ನು ಎರಡು ಸಲ ಹಾಕಿಸಿಕೊಂಡರು. ಕೊನೆಗೆ ನಾನು ಹೊಗೆಯಾಡುವ ಫಿಲ್ಟರ್ ಕಾಫಿ ತಂದಿಟ್ಟರೆ ಕೈ ಮುಗಿದುಬಿಟ್ಟರು. ತಾವು ಕ್ರೈಸ್ತರಲ್ಲೇ ಮಾರ್ಮನ್ ಎಂಬ ಪಂಥದವರು, ತಮ್ಮಲ್ಲಿ ಕಾಫಿ ಟೀ ಎರಡೂ ಇಲ್ಲ ಎಂದರು. ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದನ್ನು ನನ್ನ ತಾಯಿ ನನಗೆ ಕಲಿಸಿಲ್ಲ. ಬಾದಾಮಿ ಪುಡಿ ಹಾಕಿ ಹಾಲು ಕಾಯಿಸಿಕೊಟ್ಟೆ. ಆ ಲೋಟ ಹಿಡಿದುಕೊಂಡು ಅವರು ತಮ್ಮ ಮುತ್ತಜ್ಜಿಯ ಕಥೆ ಹೇಳಿದರು.

ಮುತ್ತಜ್ಜಿಗೆ ಆಗ ಹೊಸದಾಗಿ ಮದುವೆಯಾಗಿತ್ತಂತೆ. ಉಪ್ಪು ನೀರಿನ ಸರೋವರದ ಹತ್ತಿರದ ಪಟ್ಟಣದಲ್ಲಿ ಗಂಡ ಕಟ್ಟಿಸಿದ ಮನೆ, ಅಂಗಳದಲ್ಲಿ ಸೇಬಿನ ಗಿಡ, ಎಲ್ಲ ಇತ್ತು. ಒಂದು ದಿನ ಸಭೆಯಲ್ಲಿ ಹಿರಿಯರು ವೇದಿಕೆಯ ಮೇಲಿಂದ ಹೆಸರು ಕೂಗಿದರು: ಇವರಿವರು ದಕ್ಷಿಣದ ಮರುಭೂಮಿಗೆ ಹೋಗಿ ಊರು ಕಟ್ಟಬೇಕು. ಹೋಗ್ತೀರಾ ಎಂದು ಯಾರೂ ಕೇಳಲಿಲ್ಲ. ಹೋಗುವುದಿಲ್ಲ ಎಂದು ಯಾರೂ ಅನ್ನಲಿಲ್ಲ. ಗಾಡಿ ಕಟ್ಟಿಕೊಂಡು ಹೊರಟರು. ನದಿಯ ದಡಕ್ಕೆ ಹೋಗಿ ಗಾಡಿಯ ಮೇಲ್ಭಾಗವನ್ನು ಚಕ್ರದಿಂದ ಎತ್ತಿ ನೆಲದ ಮೇಲಿಟ್ಟು ಅದರಲ್ಲೇ ಸಂಸಾರ ಮಾಡಿದರು. ಯಾರಿಗೆ ಯಾವ ಜಾಗ ಎಂದು ಟೋಪಿಯೊಳಗೆ ಚೀಟಿ ಹಾಕಿ ಎತ್ತಿದರು. ಮನೆ ಕಟ್ಟುವುದಕ್ಕೆ ಮುಂಚೆ ಎಲ್ಲರೂ ಸೇರಿ ಕಾಲುವೆ ತೋಡಿದರು. ಪ್ರವಾಹ ಬಂದು ಒಡ್ಡು ಕೊಚ್ಚಿಕೊಂಡು ಹೋಯಿತು, ಮತ್ತೆ ಕಟ್ಟಿದರು, ಮತ್ತೆ ಹೋಯಿತು. ಗುಡಿಯೂ ಇರಲಿಲ್ಲ, ನಾಲ್ಕು ಕಂಬ ನೆಟ್ಟು ಮೇಲೆ ಸೊಪ್ಪು ಹೊದಿಸಿ ಅದರ ನೆರಳಲ್ಲಿ ಕೂತು ಹಾಡುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ಕಣ್ಣು ತುಂಬಿತು. ನಾನೂ ಕಣ್ಣೊರೆಸಿಕೊಂಡೆ.

ನಾನೇಕೆ ಅಳಬೇಕು? ಯಾರದೋ ಮುತ್ತಜ್ಜಿ, ಯಾವುದೋ ಮರಳುಗಾಡು. ಆದರೆ ನನ್ನ ತಲೆಯಲ್ಲಿ ಆಗ ಒಂದೇ ಚಿಂತೆ ಇತ್ತು, ನನ್ನ ಮಗಳದ್ದು. ಅವಳು ಈ ದೇಶದಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. "ಊಟಕ್ಕೆ ಬಾ ಪುಟ್ಟಿ" ಎಂದರೆ "ಲೇಟರ್ ಲಾ, ಮಾ" ಎನ್ನುತ್ತಾಳೆ. ಬೈದರೂ ಇಂಗ್ಲಿಷಿನಲ್ಲೇ ಉತ್ತರ, ಮುದ್ದಿಸಿದರೂ ಇಂಗ್ಲಿಷಿನಲ್ಲೇ. ಮನೆಯಲ್ಲಿ ಇಬ್ಬರು ಮಾತಾಡುವ ಭಾಷೆ ಮಕ್ಕಳಿಗೆ ಭಾಷೆ ಅನ್ನಿಸುವುದಿಲ್ಲ, ಅಪ್ಪ ಅಮ್ಮನ ಚಟ ಅನ್ನಿಸುತ್ತದೆ. ಗೇಟಿನಾಚೆಯೂ ಅದು ಕಿವಿಗೆ ಬೀಳಬೇಕು. ಪಕ್ಕದ ಮನೆಯಾಕೆ ಕನ್ನಡದಲ್ಲಿ ಕೂಗಬೇಕು, ಎದುರು ಮನೆಯವರು ಕನ್ನಡದಲ್ಲಿ ಜಗಳ ಆಡಬೇಕು. ನನಗೆ ಬೇಕಾಗಿದ್ದದ್ದು ಅಂಥ ಒಂದು ಬೀದಿ.

ಕಥೆಯನ್ನು ಅವತ್ತು ಸಂಜೆಯೇ ಹೋಗಿ ಗೆಳತಿಗೆ ಹೇಳಿದೆ. ಅವಳು ಮೈಸೂರಿನವಳು, ನಮ್ಮ ಫ್ಲ್ಯಾಟಿನ ಎದುರು ಬಾಗಿಲು. ಗಂಡ ಸಾಫ್ಟ್‌ವೇರ್. ಅವಳ ಮಗಳೂ ನನ್ನ ಮಗಳೂ ಒಂದೇ ತರಗತಿ, ಒಂದೇ ಬಸ್ಸು, ಒಂದೇ ಇಯರ್‌ಫೋನಿನ ಎರಡು ತುದಿ. ನನ್ನ ಬಾಣಂತನದಲ್ಲಿ ಸಾರು ಮಾಡಿಕೊಟ್ಟವಳು ಅವಳು. ಅವಳ ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಏರ್‌ಪೋರ್ಟಿಗೆ ಕರೆದುಕೊಂಡು ಹೋದವಳು ನಾನು. ಕಥೆ ಕೇಳಿ ಅವಳು ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು.

"ನಾವೂ ಹಿಂಗೇ ಒಂದು ಊರು ಮಾಡೋಣ ಕಣೇ. ದೊಡ್ಡದೇನೂ ಬೇಡ, ನಾಲ್ಕು ಮನೆ ಸಾಕು. ಗೋಡೆಗೆ ಗೋಡೆ ಅಂಟ್ಕೊಂಡಿರ್ಬೇಕು. ನೀನು ಶನಿವಾರ ಕನ್ನಡ ಕ್ಲಾಸ್ ತಗೋ. ನಾನು ಹಾಡು ಹೇಳ್ಕೊಡ್ತೀನಿ."

ಈ ಮಾತು ಅವಳದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಅದು ನನ್ನ ಹುಚ್ಚು ಎಂದು ಹೆಸರಾಯಿತು.

ಇನ್ನೆರಡು ಮನೆಯವರನ್ನು ಹುಡುಕಿದವಳೂ ಅವಳೇ. ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮಣಿಪಾಲದ ಡಾಕ್ಟರು ಒಬ್ಬರು. ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಸಾಗಣೆಯ ಕೆಲಸದಲ್ಲಿದ್ದ ಹುಬ್ಬಳ್ಳಿಯವರು ಇನ್ನೊಬ್ಬರು. ಇಬ್ಬರ ಮನೆಯಲ್ಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳಿದ್ದರು. ಬೀದಿ ಹುಡುಕಿದ್ದು ನಾನು. ಪಾಠ ಮುಗಿಸಿ ಸುತ್ತಾಡುತ್ತಿದ್ದಾಗ ಒಂದೇ ಸಾಲಿನಲ್ಲಿ ನಾಲ್ಕು ಮನೆ ಖಾಲಿ ಇರುವುದು ಕಂಡಿತು. ನಾಲ್ಕೂ ಒಬ್ಬರೇ ತಮಿಳು ಹೆಂಗಸಿನದು. ಆಕೆ ಹಿಂದಿನ ಬೀದಿಯಲ್ಲಿದ್ದರು. ಬಾಡಿಗೆಗೆ ವಿದ್ಯಾರ್ಥಿಗಳು ಸಾಲುಗಟ್ಟಿದ್ದರೂ, ಸಂಸಾರಸ್ಥರು ಬರುತ್ತಾರೆಂದರೆ ಕಾಯುತ್ತೇನೆ ಎಂದರು. ಟೀಚರ್ ಮಾತು ಎಂದರೆ ಆಕೆಗೆ ಅಷ್ಟು ನಂಬಿಕೆ. ನಾಲ್ಕೂ ಮನೆಯ ಬೀಗದ ಕೈ ತಂದು ನನ್ನ ಕೈಗೆ ಕೊಟ್ಟರು.

ಚೀಟಿ ಎತ್ತಿದ್ದು ನಮ್ಮ ಫ್ಲ್ಯಾಟಿನಲ್ಲಿ. ಭಾನುವಾರ, ಬಿಸಿಬೇಳೆಬಾತ್, ನಾಲ್ಕು ಸಂಸಾರ. ಮಾರ್ಮನ್ನರು ಟೋಪಿಗೆ ಹಾಕಿದ್ದರು, ನಮ್ಮ ಮನೆಯಲ್ಲಿ ಟೋಪಿ ಎಲ್ಲಿಂದ ಬರಬೇಕು? ಹುಳಿಪುಡಿ ಖಾಲಿಯಾದ ಸ್ಟೀಲ್ ಡಬ್ಬಿಗೆ ಹಾಕಿ ದೇವರ ಮುಂದಿಟ್ಟೆವು. ಚೀಟಿಗಳಿಗೆಲ್ಲ ಇಂಗಿನ ವಾಸನೆ. ಮೂಲೆಮನೆ ಡಾಕ್ಟರಿಗೆ ಹೋಯಿತು. ಚರಂಡಿ ಪಕ್ಕದ ಮನೆ ಹುಬ್ಬಳ್ಳಿಯವರಿಗೆ ಬಂತು. ಅವರು "ನಮ್ಮ ಹಣೇಬರಾ ಎಲ್ಲಿ ಹೋದ್ರೂ ಗಟಾರದ ಬಾಜೂನ ನೋಡ್ರಿ" ಎಂದು ನಗಿಸಿದರು. ನಡುವಿನ ಎರಡು ಮನೆ ನನಗೂ ಗೆಳತಿಗೂ. ನಮ್ಮಿಬ್ಬರ ಮಧ್ಯೆ ಒಂದೇ ಗೋಡೆ ಎಂದು ಗೊತ್ತಾದಾಗ ಅವಳು ಎಲ್ಲರೆದುರು ನನ್ನನ್ನು ತಬ್ಬಿಕೊಂಡು ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಸುಳ್ಳಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮೊದಲು ಯಾರು ಹೋಗುವುದು? ಕೆಲಸ ನಿಲಾಯ್‌ನಲ್ಲೇ ಇದ್ದವಳು ನಾನೊಬ್ಬಳು. ಹಾಗಾಗಿ ಎಲ್ಲರೂ ನನ್ನ ಕಡೆ ತಿರುಗಿದರು.

"ನೀವು ಮೊದ್ಲು ಹೋಗಿ ಹಾಲು ಉಕ್ಸಿ, ನಾವು ಹಿಂದೇನೇ ಬರ್ತೀವಿ" ಎಂದಳು ಗೆಳತಿ.

"ಬರುವಾ ಬರುವಾ, ಒಂದು ಸೆಮಿಸ್ಟರ್ ಮುಗೀಲಿ ಮಾರಾಯ್ರೆ" ಎಂದರು ಡಾಕ್ಟರು.

"ನೀವು ಮುಂದ ನಡೀರಿ ಅಕ್ಕಾರ, ನಾವು ಬಂದ ಬರ್ತೀವಿ" ಎಂದರು ಹುಬ್ಬಳ್ಳಿಯವರು.

ಮಗಳು ಮೊದಲು ಒಪ್ಪಲಿಲ್ಲ. ಶಾಲೆ ಬದಲಾಯಿಸಬೇಕಲ್ಲ. ಎರಡು ದಿನ ಬಾಗಿಲು ಹಾಕಿಕೊಂಡು ಕೂತಳು. ಗೆಳತಿಯ ಮಗಳೂ ಅದೇ ಹೊಸ ಶಾಲೆಗೆ ಬರುತ್ತಾಳೆ, ಗೋಡೆಯಾಚೆಯೇ ಇರುತ್ತಾಳೆ ಎಂದು ಹೇಳಿದ ಮೇಲೆ ಬಾಗಿಲು ತೆರೆಯಿತು. "ಪ್ರಾಮಿಸ್?" ಎಂದಳು. ಪ್ರಾಮಿಸ್ ಎಂದೆ. ನನ್ನ ಗಂಡನ ಕಚೇರಿ ಕೌಲಾಲಂಪುರದಲ್ಲೇ ಉಳಿಯಿತು. ಈಗ ರೈಲು ಹಿಡಿಯುವ ಸರದಿ ಅವರದು. "ಊರು ಕಟ್ಟೋಳು ನೀನು, ಗಾಡಿಗೆ ಎತ್ತು ನಾನು" ಎಂದು ಗೊಣಗಿದರೂ ಪಾತ್ರೆಪಗಡ ಎಲ್ಲ ಅವರೇ ಹೊತ್ತರು.

ಹೊಸ ಮನೆಯಲ್ಲಿ ಹಾಲು ಉಕ್ಕಿತು. ಮೊದಲ ದಿನ ಅಡುಗೆ ಮಾಡಲಾಗದೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್ ತಂದು ತಿಂದೆವು. ಇಲ್ಲಿ ಪಾರ್ಸೆಲ್ ಊಟಕ್ಕೆ ಹಾಗೆನ್ನುತ್ತಾರೆ. ಎರಡನೆಯ ದಿನದಿಂದ ನಾನು ಊರು ಕಟ್ಟಲು ಶುರು ಮಾಡಿದೆ. ನಾಲ್ಕೂ ಮನೆಯ ಮುಂದೆ ಒಂದೊಂದು ಕರಿಬೇವಿನ ಗಿಡ. ನಮ್ಮ ಮುಂದಿನ ಕೋಣೆಯಲ್ಲಿ ಶನಿವಾರದ ತರಗತಿಗೆಂದು ಕರಿಹಲಗೆ, ಅದರ ಮೇಲೆ ದುಂಡಗೆ ಬರೆದ ಅ ಆ ಇ ಈ. ನನ್ನ ಪಕ್ಕದ ಮೇಜಿನ ಮಾರ್ಮನ್ ಹಿರಿಯರು ಒಂದು ಸಂಜೆ ಬಂದು ನೋಡಿ, ಖಾಲಿ ಮನೆಗಳ ಮುಂದೆ ನಡೆದಾಡಿ, ತಮ್ಮ ಮುತ್ತಜ್ಜಿಯ ಊರಿಗೆ ಕಾಲಿಟ್ಟಂತೆ ಆಯಿತು ಎಂದರು. ನಾನು ಉಬ್ಬಿಹೋದೆ.

ಸೆಮಿಸ್ಟರ್ ಮುಗಿಯಿತು. ಇನ್ನೊಂದು ಶುರುವಾಯಿತು.

ಫೋನ್ ಮಾಡಿದಾಗೆಲ್ಲ ಎಲ್ಲರೂ ಪ್ರೀತಿಯಿಂದಲೇ ಮಾತಾಡುತ್ತಿದ್ದರು. ಗೆಳತಿಗೆ ಆಷಾಢ ಅಡ್ಡ ಬಂತು, ಪಿತೃಪಕ್ಷ ಅಡ್ಡ ಬಂತು, ಮಗಳ ಪರೀಕ್ಷೆ ಅಡ್ಡ ಬಂತು. ಡಾಕ್ಟರು "ನೋಡುವ" ಎಂದರು. ಹುಬ್ಬಳ್ಳಿಯವರು "ಏನ್ ಅವಸರ ಐತ್ರೀ ಅಕ್ಕಾರ" ಎಂದರು. ಪ್ರತಿ ಸಲ ಫೋನ್ ಇಡುವಾಗ ಕೊನೆಯ ಮಾತು ಅದೇ: ಬರ್ತೀವಿ. ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವಳಂತೆ ಜೋಪಾನ ಮಾಡುತ್ತಿದ್ದೆ.

ಗೇಟಿನ ಹತ್ತಿರ ಸಿಕ್ಕಾಗೆಲ್ಲ ಮನೆಯೊಡತಿ ತಮಿಳಿನಲ್ಲಿ ಕೇಳುತ್ತಿದ್ದರು: "ಟೀಚರ್, ಆಳು ವರುವಾಂಗಳಾ?" ಜನ ಬರುತ್ತಾರೆ ತಾನೇ? ನಾನು ನನಗೆ ಬರುವ ಹರುಕುಮುರುಕು ತಮಿಳಿನಲ್ಲಿ, ಖಂಡಿತ ಬರುತ್ತಾರಮ್ಮ ಎನ್ನುತ್ತಿದ್ದೆ. ಆಕೆ ತಲೆ ಆಡಿಸಿ ಹೋಗುತ್ತಿದ್ದರು. ಮನೆ ಕೇಳಲು ಬಂದ ವಿದ್ಯಾರ್ಥಿಗಳನ್ನು ನನ್ನ ಕಣ್ಣೆದುರೇ ವಾಪಸು ಕಳಿಸಿದ್ದೂ ಉಂಟು.

ಮಾರ್ಮನ್ ಹಿರಿಯರಿಗೂ ಅನುಮಾನ ಬಂತು. ಒಂದು ದಿನ ಸ್ಟಾಫ್ ರೂಮಿನಲ್ಲಿ ನೇರವಾಗಿ ಕೇಳಿದರು: ಅವರು ಸರಿಯಾಗಿ ಏನು ಹೇಳಿದ್ದಾರೆ? ಅವರ ಮಾತು ಏನು?

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ: ವೀ ವಿಲ್ ಕಮ್.

ಅವರ ಮುಖ ತಿಳಿಯಾಯಿತು. ಹಾಗಾದರೆ ಬರುತ್ತಾರೆ ಬಿಡು ಎಂದರು. ನನಗೂ ಎಷ್ಟೋ ಸಮಾಧಾನವಾಯಿತು. ಇಂಗ್ಲಿಷಿನಲ್ಲಿ ಆ ಮಾತು ಕಲ್ಲಿನಲ್ಲಿ ಕೊರೆದ ಹಾಗೆ ಗಟ್ಟಿಯಾಗಿ ಕೇಳಿಸಿತ್ತು. ಅವತ್ತಿನಿಂದ ನಾನು ಅವರ ಕನ್ನಡವನ್ನು ಬಿಟ್ಟು ನನ್ನ ಇಂಗ್ಲಿಷನ್ನೇ ನಂಬಿಕೊಂಡು ಕೂತೆ. ಸಂಜೆ ಗಂಡನಿಗೆ ಹೇಳಿದರೆ ಅವರು ಷೂ ಬಿಚ್ಚುತ್ತಾ, "ನಮ್ಮಲ್ಲಿ ಬರ್ತೀವಿ ಅಂತ ಯಾವಾಗ ಅಂತಾರೆ, ಸ್ವಲ್ಪ ಯೋಚನೆ ಮಾಡು" ಎಂದರು. ರೈಲಿನಲ್ಲಿ ನಿಂತು ಬಂದ ಸಿಟ್ಟು ಇರಬೇಕು ಎಂದುಕೊಂಡು ನಾನು ಯೋಚನೆ ಮಾಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ಬೆಳಗ್ಗೆ ಗೆಳತಿಯ ಕಾರು ನಮ್ಮ ಗೇಟಿನ ಮುಂದೆ ನಿಂತಿತು. ಇಳಿದಳು. ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ, ಕೈಯಲ್ಲಿ ಬೆಳ್ಳಿಯ ಕುಂಕುಮದ ಭರಣಿ. ಹಾಗೆ ಕುಂಕುಮ ಹಿಡಿದು ಮನೆ ಬಾಗಿಲಿಗೆ ಬಂದರು ಎಂದರೆ ಶುಭಕಾರ್ಯಕ್ಕೆ ಕರೆಯಲು ಬಂದಿದ್ದಾರೆ ಎಂದೇ ಅರ್ಥ. ಅವಳು ಒಳಗೆ ಬಂದು ನನ್ನ ಹಣೆಗೆ ಕುಂಕುಮ ಇಟ್ಟು, ಅಂಗೈಗೆ ಅಕ್ಷತೆ ಹಾಕಿ, "ಗೃಹಪ್ರವೇಶ ಇಟ್ಕೊಂಡಿದೀವಿ ಕಣೇ. ಮುಂದಿನ ಭಾನುವಾರ. ನೀನು ಹಿಂದಿನ ದಿನಾನೇ ಬಂದ್ಬಿಡ್ಬೇಕು" ಎಂದಳು.

ನಾನು ಕೇಳಿಸಿಕೊಂಡದ್ದು ಅರ್ಧ ಮಾತ್ರ. ಬೀಗದ ಕೈ ತರಲು ಓಡಿದೆ. ಪೋರ್ಚ್ ಗುಡಿಸಿಟ್ಟಿದ್ದೇನೆ, ಅಡುಗೆಮನೆ ತೊಳೆದಿದ್ದೇನೆ, ಹೊಸ್ತಿಲಿಗೆ ರಂಗೋಲಿ ನಾನೇ ಹಾಕುತ್ತೇನೆ, ಕರಿಬೇವು ಹೇಗೆ ಚಿಗುರಿದೆ ನೋಡು ಬಾ ಎಂದು ಒಂದೇ ಉಸಿರಿಗೆ ಹೇಳುತ್ತಲೇ ಹೋದೆ. ಅವಳು ಭರಣಿಯ ಮುಚ್ಚಳ ಮುಚ್ಚಿ ತೆರೆದು ಮಾಡುತ್ತಾ ನಿಂತಿದ್ದಳು.

"ಇಲ್ಲಿ ಅಲ್ಲ ಕಣೇ" ಎಂದಳು. "ಪುಚೊಂಗ್‌ನಲ್ಲಿ. ಕಾಂಡೋ ತಗೊಂಡ್ವಿ. ಇವರ ಆಫೀಸಿಗೆ ಹತ್ರ, ಈಜುಕೊಳ ಇದೆ."

ನಾನು ಬೀಗದ ಕೈ ಹಿಡಿದುಕೊಂಡೇ ಕೂತೆ. ಅವಳು ಉಳಿದದ್ದನ್ನೂ ಹೇಳಿಬಿಟ್ಟಳು. ಡಾಕ್ಟರು ಮೆಲಾಕಾ ಬಿಟ್ಟು ಕ್ಲಾಂಗ್ ಕಡೆಯ ಆಸ್ಪತ್ರೆಗೆ ಬಂದಿದ್ದಾರೆ, ಅವರೂ ಅದೇ ಕಟ್ಟಡ. ಹುಬ್ಬಳ್ಳಿಯವರಿಗೂ ಬಂದರು ಅಲ್ಲಿಂದ ಹತ್ತಿರ, ಅವರೂ ಅದೇ ಕಟ್ಟಡ. ಇನ್ನೂ ಒಂದೆರಡು ಕನ್ನಡ ಮನೆ ಸೇರಿಕೊಂಡಿವೆ.

"ಯಾರ್ಗೆ ಯಾವ ಫ್ಲೋರು ಅಂತ ಚೀಟಿ ಎತ್ತಿದ್ವಿ ಕಣೇ, ನೀನು ಹೇಳಿದ ಹಾಗೇನೇ. ಎಲ್ರಿಗೂ ಆ ಮಾರ್ಮನ್ ಕಥೆ ಹೇಳ್ದೆ. ಎಷ್ಟು ಖುಷಿಪಟ್ರು ಗೊತ್ತಾ?"

ಕಾಂಡೋ ತೆಗೆದುಕೊಂಡದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ಊರು ಕಟ್ಟಲಾಗಲಿಲ್ಲ ಎಂದಿದ್ದರೆ ಅಳುತ್ತಿದ್ದೆ, ಮರೆಯುತ್ತಿದ್ದೆ. ಆದರೆ ಊರು ಕಟ್ಟಿದ್ದರು. ನನ್ನ ಕಥೆ, ನನ್ನ ಚೀಟಿ, ನನ್ನ ಆಸೆ ಎಲ್ಲ ತೆಗೆದುಕೊಂಡು ಹೋಗಿ, ನನ್ನೊಬ್ಬಳನ್ನು ಬಿಟ್ಟು ಕಟ್ಟಿದ್ದರು. ನೆಚ್ಚಿದ ಎಮ್ಮೆ ಕೋಣ ಈಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಾಗ ನಗುತ್ತಿದ್ದೆ. ಅವತ್ತು ನಗು ಬರಲಿಲ್ಲ.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ನಿಂಗೆ ಇಲ್ಲೇ ಕೆಲಸ, ನೀನು ಎಲ್ಲಿ ಬರಕ್ಕಾಗತ್ತೆ ಅಂತ... ಮತ್ತೆ ನೀನು ಅಷ್ಟು ಖುಷಿಯಾಗಿದ್ದೆ. ಹೇಳಕ್ಕೆ ಮನಸ್ಸು ಬರ್ಲಿಲ್ಲ ಕಣೇ."

"ಬರ್ತೀವಿ ಬರ್ತೀವಿ ಅಂದ್ರಲ್ಲ ಎಲ್ರೂ?"

ಅವಳು ನಿಜವಾಗಿಯೂ ಆಶ್ಚರ್ಯಪಟ್ಟವಳಂತೆ ನನ್ನನ್ನು ನೋಡಿದಳು. "ಬರಲ್ಲ ಅಂತ ಹೆಂಗೆ ಹೇಳೋದು ಮುಖದ ಮೇಲೆ? ನೀನೂ ಕನ್ನಡದವಳಲ್ವಾ, ನಿಂಗೆ ಅರ್ಥ ಆಗಿರತ್ತೆ ಅಂದ್ಕೊಂಡಿದ್ವಿ."

ಇಷ್ಟು ಸಾಲದೆಂಬಂತೆ, ಅಲ್ಲಿ ಶನಿವಾರ ಮಕ್ಕಳಿಗೆ ಕನ್ನಡ ತರಗತಿ ಶುರು ಮಾಡುತ್ತಿದ್ದಾರಂತೆ. ಹೇಳಿಕೊಡಲು ಸರಿಯಾದವರಿಲ್ಲ. ನಾನು ವಾರಕ್ಕೊಮ್ಮೆ ಬಂದರೆ ಎಲ್ಲರಿಗೂ ಉಪಕಾರ. ನನ್ನ ಹಿಂದೆ ಗೋಡೆಯ ಮೇಲೆ ಅ ಆ ಇ ಈ ಇತ್ತು. ಅವಳು ಅದನ್ನು ನೋಡಿಯೇ ಹೇಳಿದಳು.

ಸಿಟ್ಟಿನಲ್ಲಿ ನಾನು ಪಾತ್ರೆ ಎಸೆಯುವವಳು, ಬಾಗಿಲು ಬಡಿಯುವವಳು. ನನ್ನ ಗಂಡನನ್ನು ಕೇಳಿದರೆ ಹೇಳುತ್ತಾರೆ. ಅವತ್ತು ಒಂದನ್ನೂ ಎಸೆಯಲಿಲ್ಲ. ಕುಂಕುಮ ಹಿಡಿದು ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಒಂದೇ ಅಭ್ಯಾಸ ನನ್ನನ್ನು ಎಬ್ಬಿಸಿತು. ಅರಿಶಿನ ಕುಂಕುಮ ಕೊಟ್ಟೆ. ವೀಳ್ಯದೆಲೆ ಇರಲಿಲ್ಲ, ಒಂದು ಕಿತ್ತಳೆಹಣ್ಣು ಕೊಟ್ಟೆ. ಅವಳು ಚಪ್ಪಲಿ ಮೆಟ್ಟಿ, ಗೇಟು ದಾಟಿ, ಕಾರಿನ ಬಾಗಿಲು ಹಿಡಿದು ತಿರುಗಿದಳು.

"ಸರಿ ಕಣೇ, ಬರ್ತೀನಿ" ಎಂದಳು.

ಹೊರಡುವಾಗ ನಮ್ಮವರು ಹೋಗ್ತೀನಿ ಎನ್ನುವುದಿಲ್ಲ, ಅದು ಅಪಶಕುನ. ಬರ್ತೀನಿ ಎನ್ನುತ್ತಾರೆ. ಹುಟ್ಟಿದಂದಿನಿಂದ ಕೇಳಿದ ಮಾತು. ಫೋನ್ ಇಡುವಾಗ, ಊಟ ಮುಗಿಸಿ ಏಳುವಾಗ, ಬಸ್ಸು ಹತ್ತುವಾಗ, ಎಲ್ಲರೂ ನನಗೆ ಹೇಳುತ್ತಿದ್ದದ್ದು ಅದನ್ನೇ. ಪರಭಾಷೆಯವರೊಬ್ಬರಿಗೆ ಅರ್ಥ ಹೇಳಲು ಹೋಗಿ ನನ್ನ ಮಾತೃಭಾಷೆಯನ್ನು ನಾನೇ ತಪ್ಪಾಗಿ ಓದಿಕೊಂಡಿದ್ದೆ. ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು. ಬರ್ತೀನಿ ಎಂದವರಿಗೆ ಹೋಗಿ ಬಾ ಎನ್ನಬೇಕು.

"ಹೋಗು" ಎಂದೆ.

ಬಾ ಎಂಬುದು ನನ್ನ ಬಾಯಿಂದ ಹೊರಡಲಿಲ್ಲ. ಅವಳ ಮುಖ ಸಣ್ಣದಾಯಿತು, ಕಾರು ಹತ್ತಿದಳು.

ಒಳಗೆ ಬಂದರೆ ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಐ ನ್ಯೂ, ಮಾ" ಎಂದಳು. ಗೆಳತಿಯ ಮಗಳು ಅವಳಿಗೆ ಶಾಲೆಯ ರಜದಲ್ಲೇ ಹೇಳಿಬಿಟ್ಟಿದ್ದಳಂತೆ. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೂಗಿದೆ. ಆಗ ಮಾತ್ರ ಕೂಗು ಬಂತು, ಅದೂ ಪಾಪ ಅವಳ ಮೇಲೆ. ಅವಳು ಮೊಣಕಾಲಿಗೆ ಗಲ್ಲ ಊರಿ, ನೀನು ಅವರ ಮನೆ ಗುಡಿಸುತ್ತಿದ್ದೆ, ಹೇಗೆ ಹೇಳಲಿ ಎಂದಳು. ಹೊಸ ಶಾಲೆಯಲ್ಲಿ ಊಟದ ಹೊತ್ತಿನಲ್ಲಿ ಒಬ್ಬಳೇ ಕೂರುತ್ತೇನೆ ಎಂಬುದನ್ನೂ ಆಗಲೇ ಹೇಳಿದಳು. ಎಲ್ಲ ಇಂಗ್ಲಿಷಿನಲ್ಲಿ.

ಸೋಮವಾರ ಮಾರ್ಮನ್ ಹಿರಿಯರಿಗೆ ತಿಳಿಸಿದೆ. ಅವರು ಮುತ್ತಜ್ಜಿಯ ಕಥೆಯಲ್ಲಿ ತಾವು ಹೇಳದ ಭಾಗ ಒಂದಿದೆ ಎಂದರು. ಹೆಸರು ಕೂಗಿದಾಗ ಹೂಂ ಎಂದು ತಲೆ ಆಡಿಸಿದವರೆಲ್ಲ ಮರುಭೂಮಿಗೆ ಬರಲಿಲ್ಲವಂತೆ. ಮುತ್ತಜ್ಜಿಯ ಅಕ್ಕನ ಸಂಸಾರ ಬೀಳ್ಕೊಡುಗೆಗೆ ಬಂತು, ಅಪ್ಪಿಕೊಂಡಿತು, ಹಿಂದೆಯೇ ಬರುತ್ತೇವೆ ಎಂದಿತು. ಬರಲೇ ಇಲ್ಲ. ಅಕ್ಕನ ಪಾಲಿನ ಜಾಗಕ್ಕೆ ಮುತ್ತಜ್ಜಿ ಎಷ್ಟೋ ಕಾಲ ಕಾಲುವೆಯ ನೀರು ಬಿಡುತ್ತಿದ್ದರಂತೆ.

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ಆ ವಾರ ನಾನು ಎಲ್ಲರಿಗೂ ಅದೇ ಪ್ರಶ್ನೆ ಕೇಳುತ್ತಿದ್ದೆ.

ಮನೆಯಲ್ಲಿ ಈ ಕಥೆ ಹೇಳುವಾಗ ಆ ಭಾಗ ಬಿಟ್ಟೇ ಹೇಳುವುದು ರೂಢಿ, ಮಕ್ಕಳಿಗೆ ಬೇಜಾರಾಗುತ್ತದೆಂದು ಎಂದರು. ನನಗೆ ಅವರ ಮೇಲೂ ಸಿಟ್ಟು ಬಂತು. ಅದು ನ್ಯಾಯವಲ್ಲ ಎಂದು ಗೊತ್ತಿತ್ತು, ಆದರೂ ಒಂದು ವಾರ ಅವರ ಪಕ್ಕ ಕೂರಲಿಲ್ಲ.

ಮೂರು ಮನೆಯ ಬೀಗದ ಕೈಯನ್ನು ಮನೆಯೊಡತಿಗೆ ವಾಪಸು ಕೊಡುವಾಗ ನನಗೆ ತಲೆ ಎತ್ತಲಾಗಲಿಲ್ಲ. ಆಕೆ ಬೈಯಲಿಲ್ಲ. "ವರಲಿಯಾ?" ಎಂದರು. ಬರಲಿಲ್ಲವಾ ಎಂದು ಅಷ್ಟೇ. ಕೈ ಹಿಡಿದು ಒಳಗೆ ಕರೆದು ಇಡ್ಲಿ ಕೊಟ್ಟರು. ವಾರದೊಳಗೆ ಮೂರು ಮನೆಗೂ ವಿದ್ಯಾರ್ಥಿಗಳು ಬಂದರು. ಗೆಳತಿಗೆಂದು ಗುಡಿಸುತ್ತಿದ್ದ ಪೋರ್ಚಿನಲ್ಲಿ ಈಗ ಮೋಟರ್ ಬೈಕುಗಳು ನಿಲ್ಲುತ್ತವೆ. ಹುಡುಗರು ಮಲಯ್ ಭಾಷೆಯಲ್ಲಿ ಹಾಡಿಕೊಂಡು ಅವನ್ನು ತೊಳೆಯುತ್ತಾರೆ.

ಗೃಹಪ್ರವೇಶದ ಭಾನುವಾರ ಬೆಳಗ್ಗೆ ನಾನು ದೋಸೆ ಹಾಕುತ್ತಿದ್ದೆ. ಹೋಗುವುದಿಲ್ಲ ಎಂದು ನಾನೂ ಯಾರಿಗೂ ಹೇಳಿರಲಿಲ್ಲ. ಗಂಡ ಸ್ನಾನ ಮಾಡಿ, ಹೋಗುವುದಾದರೆ ಇರಲಿ ಎಂದು ಒಳ್ಳೆಯ ಷರ್ಟು ಹಾಕಿಕೊಂಡು ಕೂತಿದ್ದರು. ಮೇಜಿನ ಮೇಲಿದ್ದ ನನ್ನ ಫೋನ್ ಹೊಡೆದುಕೊಂಡಿತು, ಅವಳ ಹೆಸರು. ನಾನು ಸಟ್ಟುಗ ಹಿಡಿದುಕೊಂಡೇ ನಿಂತೆ. ಏನೆನ್ನಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೊರಟಿದ್ದೇವೆ, ದಾರಿಯಲ್ಲಿದ್ದೇವೆ, ಬರ್ತೀವಿ. ಅಷ್ಟು ಹೇಳಿ ಹೋಗದಿದ್ದರಾಯಿತು. ಅವರಂತೆಯೇ.

ಮಗಳು ಫೋನ್ ಎತ್ತಿಕೊಂಡಳು. ಆಚೆಯಿಂದ ಗದ್ದಲ, ಮಂತ್ರದ ಶಬ್ದ, ಎಲ್ಲಿದೀರಾ ಪುಟ್ಟಿ ಎಂಬ ಗೆಳತಿಯ ದನಿ ನನಗೂ ಕೇಳಿಸಿತು. ಮಗಳು ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಮಾತನ್ನು ಹುಡುಕಿ ಇಟ್ಟಂತೆ ಹೇಳಿದಳು.

"ಆಂಟಿ, ನಾವು ಮನೆಯಲ್ಲಿ ಇದೀವಿ. ಅಮ್ಮ ಬರಲ್ಲ. ನಾನು ಬರಲ್ಲ. ನಾವು ಯಾರೂ ಬರಲ್ಲ."

ಇಷ್ಟು ವರ್ಷದಲ್ಲಿ ಅವಳು ನನ್ನ ಕಿವಿಗೆ ಬೀಳುವಂತೆ ಆಡಿದ ಮೊದಲ ಪೂರ್ತಿ ಕನ್ನಡ ಅದು. ದೊಡ್ಡವರಿಗೆ ಹಾಗೆ ಮುಖಕ್ಕೆ ಹೊಡೆದಂತೆ ಹೇಳಬಾರದು, ಬರಕ್ಕಾಗ್ತಿಲ್ಲ ಆಂಟಿ ಅನ್ನಬೇಕು, ಇನ್ನೊಂದು ದಿನ ಬರ್ತೀವಿ ಅನ್ನಬೇಕು. ಫೋನ್ ಕೆಳಗಿಟ್ಟು ಅವಳು, ಸರಿಯಾಗಿ ಹೇಳಿದೆನಾ ಎಂಬಂತೆ ನನ್ನ ಕಡೆ ನೋಡಿದಳು. ಹೆಂಚಿನ ಮೇಲೆ ದೋಸೆ ಸೀಯುತ್ತಿತ್ತು. ನಾನು ತಿದ್ದಲಿಲ್ಲ.